ಯೊಕೊಹಾಮಾಕ್ಕೆ ಹೊರಟ ಮಗಳಿಗೆ

ತೀರ್ಥಹಳ್ಳಿ

ಚಿ. ಪುಟ್ಟಿಗೆ ಅಪ್ಪಯ್ಯನ ಆಶೀರ್ವಾದಗಳು.

ಫೋನಿನಲ್ಲಿ ಆದ ಜಗಳ ಇಬ್ಬರಿಗೂ ನೆನಪಿದೆ, ಅದು ಈಗ ಬೇಡ. ಜಪಾನ್ ಗುರುತು ಪರಿಚಯ ಇಲ್ಲದ ದೇಶ ಅಂತ ನಿನ್ನಮ್ಮ ಕೊರಗುತ್ತಾಳೆ. ಪರಿಚಯ ಹಳೆಯದೇ. ಎರಡೂ ದೇಶಗಳ ಸ್ನೇಹಕ್ಕೆ ಅಂತ ಜಪಾನ್-ಇಂಡಿಯಾ ಅಸೋಸಿಯೇಷನ್ ಅನ್ನುವ ಸಂಘ ಹುಟ್ಟಿದ್ದು 1903ರಲ್ಲಿ. ಕಟ್ಟಿದವರಲ್ಲಿ ಒಕುಮಾ ಶಿಗೆನೊಬು ಆಗಲೇ ಒಮ್ಮೆ ಜಪಾನಿನ ಪ್ರಧಾನಿಯಾಗಿದ್ದವರು. ಇನ್ನೊಬ್ಬರು ಉದ್ಯಮಿ ಶಿಬುಸಾವಾ ಐಯಿಚಿ. 2024ರಲ್ಲಿ ಬಂದ ಹತ್ತು ಸಾವಿರ ಯೆನ್ ನೋಟಿನ ಮೇಲಿರುವುದು ಅವರದೇ ಮುಖ, ಸಂಬಳ ಬಂದಾಗ ನೋಡು. ಸಂಘಕ್ಕಿಂತ ಮುಂಚೆ ಹತ್ತಿ ಇತ್ತು. ಅಲ್ಲಿನ ಗಿರಣಿಗಳಿಗೆ ನಮ್ಮ ಹತ್ತಿ ಬೇಕಿತ್ತು, ಸಾಗಣೆ ಬ್ರಿಟಿಷ್ ಹಡಗು ಕಂಪನಿಯ ಹಿಡಿತದಲ್ಲಿತ್ತು. ಟಾಟಾ, ಶಿಬುಸಾವಾ ಕೈಜೋಡಿಸಿದ ಮೇಲೆ 1893ರಲ್ಲಿ ಬೊಂಬಾಯಿಗೆ ಜಪಾನಿ ಹಡಗು ಓಡಿತು. ವ್ಯವಹಾರ ಮೊದಲು, ಹಾರ-ತುರಾಯಿ ಆಮೇಲೆ. ಇಂಥ ಸಂಘಗಳು ಬಾಳಿಕೆ ಬರುವುದೂ ಹಾಗಿದ್ದರೇ ಅನ್ನೋದು ನನ್ನ ಲೆಕ್ಕ.

ಯುದ್ಧ ಮುಗಿದ ಮೇಲೆ, 1949ರಲ್ಲಿ, ಟೋಕಿಯೋದ ಮಕ್ಕಳು ಕೇಳಿಕೊಂಡರು ಅಂತ ನೆಹರೂ ಉಯೆನೊ ಮೃಗಾಲಯಕ್ಕೆ ಕಳಿಸಿದ ಇಂದಿರಾ ಆನೆಯೂ ನಮ್ಮ ಮೈಸೂರು ಸೀಮೆಯದೇ.

ನನ್ನನ್ನು ಕಾಡುವುದು ಭೂಕಂಪ. 1923ರ ಸೆಪ್ಟೆಂಬರ್ 1, ಹೊತ್ತು 11.58. ಮನೆಮನೆಯಲ್ಲೂ ಮಧ್ಯಾಹ್ನದ ಅಡುಗೆಗೆ ಒಲೆ ಉರಿಯುತ್ತಿತ್ತು. ಮರದ ಮನೆಗಳು, ಜೋರು ಗಾಳಿ ಬೇರೆ. ಸತ್ತವರು ಲಕ್ಷದ ಮೇಲೆ, ಹೆಚ್ಚಿನವರು ಬೆಂಕಿಗೆ ಸಿಕ್ಕೇ. ಯೊಕೊಹಾಮಾ ನೆಲಸಮ. ಅಲ್ಲಿದ್ದ ಭಾರತೀಯ ವ್ಯಾಪಾರಿಗಳ ಕೈಹಿಡಿದವರು ಊರಿನವರೇ. ಆ ಋಣಕ್ಕೆ ನಮ್ಮವರು 1939ರಲ್ಲಿ ಯಮಾಶಿತಾ ಪಾರ್ಕಿನಲ್ಲಿ ಕಟ್ಟಿಸಿಕೊಟ್ಟ ನೀರಿನ ಮಂಟಪ ಇವತ್ತಿಗೂ ಇದೆ, ಹೋಗಿ ನೋಡು.

ನೆಲ ನಡುಗಿದರೆ ಒಲೆ ಆರಿಸಲು ಓಡಬೇಡ, ಮೊದಲು ಮೇಜಿನಡಿ ಸೇರು. ಅಲುಗಾಟ ಜಪಾನಿನವರ ‘ಶಿಂಡೊ’ ಅಳತೆಯಲ್ಲಿ (ರಿಕ್ಟರ್ ಅಲ್ಲ, ನಿಂತ ಜಾಗದಲ್ಲಿ ನೆಲ ಎಷ್ಟು ನಡುಗಿತು ಅನ್ನುವ ಲೆಕ್ಕ) 5 ಮುಟ್ಟಿದರೆ ಗ್ಯಾಸ್ ಮೀಟರು ತಾನೇ ನಿಲ್ಲುತ್ತದೆ. ಆಮೇಲೆ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಲೆ, ಗೀಸರ್ ಎಲ್ಲ ಬಂದ್ ಮಾಡಿ, ಮೀಟರಿನ ಗುಂಡಿ ಒತ್ತಿ 3 ನಿಮಿಷ ಕಾಯಬೇಕು. ಸೋರಿಕೆ ಇದೆಯಾ ಅಂತ ಅದು ನೋಡಿಕೊಳ್ಳುವುದು ಆಗಲೇ. ಅವಸರಕ್ಕೆ ನಡುವೆ ಹಚ್ಚಿದರೆ ಮತ್ತೆ ನಿಲ್ಲುತ್ತದೆ. ನಿನ್ನ ಅವಸರ ಗೊತ್ತಿರುವುದಕ್ಕೇ ಬರೆಯುತ್ತಿದ್ದೇನೆ. ಕುಡಿಯುವ ನೀರು ದಿನಕ್ಕೆ 3 ಲೀಟರಿನಂತೆ 3 ದಿನಕ್ಕಾದರೂ ಇಟ್ಟಿರು. ಒಡೆದ ಗಾಜು ಕಾಲಿಗೆ ಚುಚ್ಚುತ್ತದೆ, ಚಪ್ಪಲಿ, ಟಾರ್ಚು ಹಾಸಿಗೆ ಪಕ್ಕದಲ್ಲೇ ಇರಲಿ. ಕಪಾಟನ್ನು ಗೋಡೆಗೆ ಬಿಗಿಸು.

ಬುದ್ಧಿ ಹೇಳಲು ಕೂತದ್ದಲ್ಲ, ಆದರೂ ಆಯಿತು, ಬೇಜಾರು ಮಾಡ್ಕೋಬೇಡ. ಮನೆ ಹಿಡಿಯುವಾಗ ಕಟ್ಟಡ 1981ರ ಜೂನ್‌ನಲ್ಲಿ ಬಂದ ಭೂಕಂಪ ನಿಯಮದ ಪ್ರಕಾರ ಕಟ್ಟಿದ್ದೇ ಅಂತ ಕೇಳು. ಬಾಡಿಗೆ ಜಾಸ್ತಿಯಾದರೆ ಹೇಳು, ಈ ಸಲ ಅಡಿಕೆಗೆ ರೇಟು ಪರವಾಗಿಲ್ಲ.

ಇಂತಿ,
ಅಪ್ಪಯ್ಯ