ಪೇರಲ ಕ್ರಂಬಲ್, ಮ್ಯಾಲ ಒಂದೀಟು ಮಾದ್ಲಿ

ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಎಲ್ಲಾರಿಗೂ ನಮಸ್ಕಾರ್ರಿ. ಸಂಕ್ರಮಣದ ಕಾರ್ಯಕ್ರಮದ ಫೋಟೋ, ಮಕ್ಕಳ ಕನ್ನಡ ಕ್ಲಾಸಿನ ವರದಿ, ಮೆಂಬರ್‌ಶಿಪ್ ರಿನ್ಯೂವಲ್ ವಿಚಾರ ಎಲ್ಲಾ ಒಳಗಿನ ಪುಟದಾಗ ಅದಾವು, ಇಲ್ಲಿ ಮತ್ತ ಹೇಳಂಗಿಲ್ಲ. ಈ ಸಲದ ಸಂಪಾದಕೀಯ ಧಾರವಾಡದಿಂದ ಬರಿಯಾಕತ್ತೀನಿ, ಸಪ್ತಾಪುರದಾಗ ನಮ್ಮ ಅಣ್ಣನ ಮನ್ಯಾಗ ಕುಂತು, ಮತ್ತ ವಿಷಯ ಏನಪಾ ಅಂದ್ರ ಸ್ವೀಟು. ನಗಬ್ಯಾಡ್ರಿ. ಹೋದ ಪಾಟ್‌ಲಕ್ (ಎಲ್ಲಾರೂ ಮನಿಯಿಂದ ಒಂದೊಂದು ತಿನಿಸು ತಂದು ಕೂಡಿ ಉಣ್ಣೋದು) ಆದಮ್ಯಾಲ ಕಮಿಟಿಗೆ ಬಂದ ಮೆಸೇಜುಗಳೊಳಗ ಹಾಲ್ ತಂಪಿತ್ತು, ಮೈಕ್ ಸರಿ ಇರಲಿಲ್ಲ ಅನ್ನೋದು ಬಿಟ್ರ ಎಲ್ಲಾರೂ ಹೇಳಿದ್ದು ಇದ, ಟೇಬಲ್ ಮ್ಯಾಲ ಗುಲಾಬ್ ಜಾಮೂನು, ಕೇಸರಿಬಾತು, ಹೋಳಗಿ, ಯಾರೋ ಊರಿಂದ ತಂದ ಪೇಡೆ, ಎಲ್ಲಾ ಸಾಲಾಗಿ ಇತ್ತು, ಆದ್ರ ತಾಟು ಹಿಡಕೊಂಡು ನಿಂತವರೊಳಗ ಅರ್ಧ ಮಂದಿ ಶುಗರ್ ಗುಳಿಗಿ ತಗೊಳ್ಳವರು. ಮುಂದಿನ ಸಲ ಯಾರರ ಲೈಟ್ ಆಗಿರೋದು ಏನರ ತರ್ರಿ ಅಂತ.

ಲೈಟ್ ಅಂದ ಕೂಡಲೆ ನಮ್ಮ ಮಂದಿ ಏನ ಮಾಡ್ತಾರಂದ್ರ ಸಕ್ಕರಿ ಬದ್ಲಿ ಬೆಲ್ಲ ಹಾಕ್ತಾರ, ಬೆಣ್ಣಿ ಬದ್ಲಿ ತುಪ್ಪ ಹಾಕ್ತಾರ, ಮೈದಾ ಬದ್ಲಿ ಗೋದಿ ಹಿಟ್ಟು ಹಾಕ್ತಾರ, ಹಾಕಿ ‘ಇದು ಹೆಲ್ದಿ ನೋಡ್ರಿ’ ಅಂತ ಎರಡು ಪೀಸ್ ಜಾಸ್ತಿ ತಿಂತಾರ. ಬೆಲ್ಲಕ್ಕೂ ಸಕ್ಕರಿಗೂ ಕ್ಯಾಲೊರಿ ಲೆಕ್ಕದಾಗ ಹೇಳಿಕೊಳ್ಳುವಂಥ ಫರಕಿಲ್ಲರಿ, 100 ಗ್ರಾಮಿಗೆ ಎರಡೂ 400ರ ಹತ್ತರಾನ ಬರ್ತಾವು. ಬೆಣ್ಣಿಯೊಳಗ ಕೊಬ್ಬು 80 ಪರ್ಸೆಂಟ್, ಉಳಿದಿದ್ದು ಹೆಚ್ಚುಕಮ್ಮಿ ನೀರು, ತುಪ್ಪ ಅಂದ್ರ ಪೂರಾ ಕೊಬ್ಬ, ಅಂದಮ್ಯಾಲ ಗ್ರಾಮಿಗೆ ಗ್ರಾಂ ಹಿಡದ್ರ ತುಪ್ಪಾನ ಭಾರ. ರುಚಿ ಬೇಕಂದ್ರ ಬೆಲ್ಲ ಹಾಕ್ರಿ, ತುಪ್ಪ ಹಾಕ್ರಿ, ನಾನೂ ಹಾಕ್ತೀನಿ, ಆದ್ರ ಅದನ್ನ ಲೈಟ್ ಅನಬ್ಯಾಡ್ರಿ. ಕಮ್ಮಿ ಮಾಡೋದಂದ್ರ ಕಮ್ಮಿ ಹಾಕೋದು, ಅಷ್ಟ. ಹಂಗ ಕಮ್ಮಿ ಹಾಕಿದ್ರೂ ತಿನ್ನಾಕ ಚಲೋ ಆಗೋ ತಿನಿಸು ಯಾವ್ದು ಅನ್ನೋದು ನೋಡಬೇಕು, ಮತ್ತ ಅದಕ್ಕ ಹಣ್ಣಿನ ಮ್ಯಾಲ ಹಿಟ್ಟು ಬೆಣ್ಣಿ ತಿಕ್ಕಿದ ಪುಡಿ ಉದುರಿಸಿ ಓವನ್ನಿನ್ಯಾಗ ಬೇಯಿಸೋ ಕ್ರಂಬಲ್ ನನಗ ಎಲ್ಲಾಕ್ಕಿಂತ ಅನುಕೂಲ ಅನಸ್ತೈತಿ.

ನಾವು ಇಂಗ್ಲೆಂಡಿನ್ಯಾಗ ಇರವ್ರಿಗೆ ಕ್ರಂಬಲ್ ಏನು ಹೊಸಾದಲ್ಲ, ಸಾಲಿ ಊಟದಾಗ ಮಕ್ಕಳು ತಿಂದು ಬರ್ತಾವು. ಯುದ್ಧದ ಕಾಲದಾಗ, 1940ರ ಜನವರಿ 8ರಿಂದ, ಅಲ್ಲಿ ಬೆಣ್ಣಿ, ಸಕ್ಕರಿ, ಬೇಕನ್ ಮೂರನ್ನೂ ರೇಷನ್ನಿಗೆ ಹಾಕಿದ್ರು, ರೇಷನ್ ಪೂರಾ ಮುಗದಿದ್ದು 1954ರ ಜುಲೈನ್ಯಾಗ. ಹಣ್ಣಿನ ಪೈ ಮಾಡಬೇಕಂದ್ರ ಪೇಸ್ಟ್ರಿ, ಅಂದ್ರ ಬೆಣ್ಣಿ ಹಾಕಿ ಲಟ್ಟಿಸಿದ ಹಿಟ್ಟು, ಕೆಳಗೂ ಬೇಕು ಮ್ಯಾಲೂ ಬೇಕು, ಅಷ್ಟು ಬೆಣ್ಣಿ ಯಾರ ಮನ್ಯಾಗಿತ್ತು, ಹಿಂಗಾಗಿ ಹಿಟ್ಟಿಗೆ ಇದ್ದಷ್ಟು ಬೆಣ್ಣಿ ತಿಕ್ಕಿ ಹಣ್ಣಿನ ಮ್ಯಾಲ ಉದುರಿಸಿಬಿಡೋ ಕ್ರಂಬಲ್ ಆ ಕಾಲಕ್ಕ ಬರೋಬ್ಬರಿ ಹೊಂದಿತು. ಈಗಿನ ರೆಸಿಪಿ ನೋಡ್ರಿ, ಆರು ಮಂದಿಗೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣಿ, 100 ಗ್ರಾಂ ಸಕ್ಕರಿ, ಮ್ಯಾಲ ಹಣ್ಣಿಗೆ ಬ್ಯಾರೆ 75 ಗ್ರಾಂ ಸಕ್ಕರಿ. ಲೆಕ್ಕ ಹಾಕಿದ್ರ ಹಣ್ಣು ಬಿಟ್ಟ ಒಬ್ಬೊಬ್ಬರಿಗೆ 350 ಕ್ಯಾಲೊರಿ ಆಜುಬಾಜು, ಸಕ್ಕರಿ 29 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳಿದ್ದು, ದಿನಾ 2000 ಕ್ಯಾಲೊರಿ ತಿನ್ನವರಿಗೆ ಮ್ಯಾಲಿಂದ ಹಾಕ್ಕೊಳ್ಳೋ ಸಕ್ಕರಿ 50 ಗ್ರಾಂ ದಾಟಬಾರದು, 25ರೊಳಗಿದ್ರ ಇನ್ನೂ ಚಲೋ ಅಂತ. ಜೇನುತುಪ್ಪ, ಬೆಲ್ಲ, ಜ್ಯೂಸು ಎಲ್ಲಾ ಅದ ಲೆಕ್ಕದಾಗ ಬರ್ತಾವು. ಅಂದ್ರ ಒಂದು ಬಟ್ಟಲ ಕ್ರಂಬಲಿನ್ಯಾಗ ಆ 25ರ ಕೋಟಾ ಖಲಾಸ್, ಕಸ್ಟರ್ಡ್ ಇನ್ನೂ ಸುರುವಿಲ್ಲ!

ಈಗ ಹಣ್ಣಿನ ಮಾತಿಗೆ ಬರೋಣು, ಯಾಕಂದ್ರ ಸಕ್ಕರಿ ಬಿಡಸೋದು ಹಣ್ಣಿಂದಾನ. ಅಲ್ಲಿ ನಾವು ಬ್ರಾಮ್ಲಿ ಸೇಬು ತರ್ತೀವಿ, 1809ರಾಗ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನ್ಯಾಗ ಒಬ್ಬ ಹುಡುಗಿ ಹಾಕಿದ ಬೀಜದಿಂದ ಹುಟ್ಟಿದ ಗಿಡದ ತಳಿ ಅದು, ಅಡಿಗಿಗೇ ಅಂತ ಇರೋದು, ಹಲ್ಲು ಜುಮ್ ಅನ್ನುವಷ್ಟು ಹುಳಿ, ಬೇಯಿಸಿದ್ರ ಕರಗಿ ಗೊಜ್ಜು ಆಗ್ತೈತಿ. ಹಂಗಾಗಿ ಸಕ್ಕರಿ ಸುರೀಬೇಕಾಗ್ತೈತಿ. ಹುಬ್ಬಳ್ಳಿ ಬಜಾರಿನ್ಯಾಗ ಸಿಗೋ ಸಿಮ್ಲಾ, ಕಾಶ್ಮೀರದ ಸೇಬು ಇದರ ಪೂರಾ ಉಲ್ಟಾ, ಸಿಹಿ ಐತಿ ಆದ್ರ ಹುಳಿ ಇಲ್ಲ, ಬೇಯಿಸಿದ್ರ ಸಪ್ಪಗ ಕುಂದರ್ತೈತಿ. ಇದಕ್ಕ ಅರ್ಧ ಲಿಂಬಿಹಣ್ಣು ಹಿಂಡಿ ಒಂದು ಚಿಟಿಕಿ ಉಪ್ಪು ಹಾಕಿದ್ರ ಸಕ್ಕರಿ ಬ್ಯಾಡಾ ಬ್ಯಾಡ. ಅನಾನಸ್ ಇದ್ರ ಲಿಂಬಿನೂ ಬ್ಯಾಡ. ಚಿಕ್ಕು ಬ್ಯಾಡ್ರಿ, ಮೊದಲ ಸಿಹಿ, ಬೆಂದಮ್ಯಾಲ ಪಾಕದಂಗ ಆಗಿ ಬಾಯಿಗೆ ಅಂಟತೈತಿ. ಆಪೂಸ್ ಹಣ್ಣು ಒಯ್ದು ಓವನ್ನಿನ್ಯಾಗ ಇಡವ್ರಿಗೆ ನಾನು ಏನೂ ಹೇಳಂಗಿಲ್ಲ, ಕೆಲಗೇರಿ ಕಡೆ ತೋಟದವರ ಮುಂದ ಮಾತ್ರ ಇದನ್ನ ಹೇಳಬ್ಯಾಡ್ರಿ. ಅದರ ವಾಸನಿ ಇರೋದ ಹಸಿ ಹಣ್ಣಿನ್ಯಾಗ, ಬಿಸಿ ತಾಗಿದ್ರ ಎಲ್ಲಾ ಹಾರಿ ಹೋಗ್ತೈತಿ.

ನನ್ನ ಓಟು ಪೇರಲಕ್ಕ. ಈಗ ಧಾರವಾಡದಾಗ ಎಲ್ಲಿ ನೋಡಿದ್ರೂ ತಳ್ಳೋ ಗಾಡಿ ಮ್ಯಾಲ ಪೇರಲಹಣ್ಣಿನ ರಾಶಿ, ನಾಕು ಹೋಳು ಮಾಡಿ ನಡಬರಕ ಉಪ್ಪು ಖಾರ ಹಚ್ಚಿ ಕಾಗದದಾಗ ಇಟ್ಟು ಕೊಡ್ತಾರ, ಸಂಜೀಕ ಕಾಲೇಜ್ ಬಿಟ್ಟ ಹುಡುಗೂರು ಗಾಡಿ ಸುತ್ತ ನಿಂತಬಿಡ್ತಾವು. ಬೇಯಿಸಾಕ ಪೂರಾ ಹಣ್ಣಾಗಿದ್ದು ತರಬ್ಯಾಡ್ರಿ, ಹೆಬ್ಬಟ್ಟಿನಿಂದ ಒತ್ತಿದ್ರ ಒಂಚೂರು ಮಣೀಬೇಕು ಆದ್ರ ತಗ್ಗು ಬೀಳಬಾರದು, ಅಂಥಾವು ಒಂದು ಕೆ.ಜಿ. ಸಾಕು. ಸಿಪ್ಪಿ ತಗೀಬ್ಯಾಡ್ರಿ. ಎರಡು ಹೋಳು ಮಾಡಿ ನಡುವಿನ ಬೀಜದ ತಿರುಳು ಚಮಚದಿಂದ ಕೆರೆದು ಬ್ಯಾರೆ ಇಡ್ರಿ, ಚೆಲ್ಲಬ್ಯಾಡ್ರಿ, ಇಡೀ ಅಡಿಗ್ಯಾಗ ಮುಖ್ಯ ಮಾಲು ಅದ. ಅದನ್ನ ಅರ್ಧ ಲೋಟ ನೀರು ಹಾಕಿ ಐದು ಹತ್ತು ನಿಮಿಷ ಕುದಿಸಿ, ಚಾ ಸೋಸೋ ಜಾಳಗಿ ಅಲ್ಲ, ಸ್ವಲ್ಪ ದೊಡ್ಡ ಜಾಳಗ್ಯಾಗ ಹಾಕಿ ಚಮಚದ ಬೆನ್ನಿಲೆ ತಿಕ್ಕಿದ್ರ ಬೀಜ ಮ್ಯಾಲ ಉಳಿದು ಕೆಳಗ ಗಟ್ಟಿ ರಸ ಇಳೀತೈತಿ, ಪೇರಲದಾಗ ರಸ ಗಟ್ಟಿ ಮಾಡೋ ಪೆಕ್ಟಿನ್ ಭಾಳ ಇರೋದ್ರಿಂದ ಅದು ತಣ್ಣಗಾಗೋದ್ರೊಳಗ ತಾನ ಜಾಮಿನಂಗ ಕುಂದರ್ತೈತಿ. ಇಂಗ್ಲೀಷ್ ರೆಸಿಪಿಯೊಳಗ ಹಣ್ಣಿನ ನೀರು ಗಟ್ಟಿ ಮಾಡಾಕ ಕಾರ್ನ್‌ಫ್ಲೋರ್ ಹಾಕಿ, ಅದರ ಸಪ್ಪ ಮುಚ್ಚಾಕ ಮತ್ತ ಸಕ್ಕರಿ ಹಾಕ್ತಾರ, ಇಲ್ಲಿ ಎರಡೂ ಕೆಲಸ ಬೀಜದ ತಿರುಳ ಮಾಡಿ ಮುಗಿಸ್ತೈತಿ. ಪೇರಲದ ಹೋಳಿಗೆ ಈ ರಸ, ಒಂದು ಲಿಂಬಿಹಣ್ಣಿನ ಹುಳಿ, ಚಿಟಿಕಿ ಉಪ್ಪು, ನಾಕು ಯಾಲಕ್ಕಿ ಕುಟ್ಟಿ ಹಾಕ್ರಿ. ಯಾಲಕ್ಕಿ ಹಾಕಿದ್ರ ಬಾಯಿಗೆ ಸಿಹಿ ಇದ್ದದ್ದಕ್ಕಿಂತ ಜಾಸ್ತಿ ಅನಸ್ತೈತಿ, ನಮಗೆಲ್ಲಾ ಪಾಯಸದಿಂದ ಗೊತ್ತಿರೋದ ಅಲ್ಲೇನ್ರಿ. ಶುಂಠಿ ಪುಡಿನೂ ನಡೀತೈತಿ. ದಾಲ್ಚಿನ್ನಿ ನನಗ ಪೇರಲದ ಜೊತಿಗೆ ಸೇರಂಗಿಲ್ಲ.

ಮ್ಯಾಲಿನ ಪುಡಿಗೆ ಜ್ವಾಳದ ಹಿಟ್ಟು. ವೈನಿ ಇದನ್ನ ಕೇಳಿ ‘ರೊಟ್ಟಿ ಮಾಡ್ತೀರೋ ಸ್ವೀಟ್ ಮಾಡ್ತೀರೋ’ ಅಂತ ಚಾಷ್ಟಿ ಮಾಡಿದ್ರು, ಇರಲಿ. ಕ್ರಂಬಲಿನ್ಯಾಗ ಬೆಣ್ಣಿದು ಒಂದು ದೊಡ್ಡ ಕೆಲಸ ಏನಂದ್ರ ಗೋದಿ ಹಿಟ್ಟಿನ ಕಣಕ್ಕ ಸವರಿಕೊಂಡು ಗ್ಲುಟೆನ್, ಅಂದ್ರ ಗೋದಿಯೊಳಗಿನ ಅಂಟು, ಜಿಗಿ ಬಿಡದಂಗ ನೋಡಿಕೊಳ್ಳೋದು, ಬೆಣ್ಣಿ ಕಮ್ಮಿ ಆದ್ರ ಪುಡಿ ಹೋಗಿ ಕಲ್ಲು ಬಿಸ್ಕಿಟ್ ಆಗ್ತೈತಿ. ಜ್ವಾಳದಾಗ ಗ್ಲುಟೆನ್ನ ಇಲ್ಲ, ಹಂಗಾಗಿ ಬೆಣ್ಣಿ ಅನ್ನೋ ಕಾವಲುಗಾರನ ಪಗಾರ ಅರ್ಧ ಉಳೀತು. 60 ಗ್ರಾಂ ಜ್ವಾಳದ ಹಿಟ್ಟು, 40 ಗ್ರಾಂ ಓಟ್ಸ್, 40 ಗ್ರಾಂ ತಣ್ಣನ ಬೆಣ್ಣಿ, 40 ಗ್ರಾಂ ಬೆಲ್ಲದ ಪುಡಿ, ಬೆರಳ ತುದೀಲೆ ತಿಕ್ಕಬೇಕು, ಅಂಗೈ ತಾಗಿಸಿದ್ರ ಬೆಣ್ಣಿ ಕರಗ್ತೈತಿ. ಬರೇ ಜ್ವಾಳ ಆದ್ರ ಉಸುಕಿನಂಗ ಒಣಾ ಒಣಾ ಆಗ್ತೈತಿ, ಅದಕ್ಕ ಒಂದು ಚಮಚ ಮೊಸರು ಚಿಮುಕಿಸಿ ಅಲ್ಲಲ್ಲಿ ಗಂಟು ಕಟ್ಟಬೇಕು, ಆ ಗಂಟುಗಳ ಕುರುಂ ಕುರುಂ ಅನ್ನೋದು. ಶೇಂಗಾ ಹಾಕ್ಲಾ ಅಂತ ಕೇಳ್ತೀರಿ, ಗೊತ್ತು. ಶೇಂಗಾದಾಗ ಅರ್ಧದಷ್ಟು ಎಣ್ಣಿನ ಇರ್ತೈತಿ, ಹಾಕೋದಾದ್ರ ಒಂದು ಮುಟಗಿ, ಮತ್ತ ಅಷ್ಟು ಬೆಣ್ಣಿ ತಗದಬಿಡ್ರಿ. ಈ ಅಳತಿಗೆ ಆರು ಮಂದಿಗೆ ಹಂಚಿದ್ರ ಹಣ್ಣು ಬಿಟ್ಟು ಒಬ್ಬರಿಗೆ 130 ಕ್ಯಾಲೊರಿ ಸುತ್ತಮುತ್ತ, ಬೆಲ್ಲ 7 ಗ್ರಾಮಿನೊಳಗ. ಹಣ್ಣು ಪೂರಾ ಮುಚ್ಚಂಗಿಲ್ಲ, ನಡು ನಡು ಕಾಣ್ತೈತಿ, ಕಾಣಲಿ, ಅಲ್ಲಿಂದಾನ ಉಗಿ ಹೊರಗ ಹೋಗಿ ಮ್ಯಾಲಿಂದು ಗರಿಗರಿ ಆಗೋದು.

ನಾನು ಹಿಂಗ ತಿಕ್ಕಿಕೋತ ಕುಂತಿದ್ದಾಗ ಅವ್ವ ಬಂದು ನೋಡಿ ‘ಅಲ್ಲೋ, ಇದು ಹಣ್ಣಿನ ಮ್ಯಾಲ ಮಾದ್ಲಿ ಸುರುವಿದಂಗ ಆತಲ್ಲೋ’ ಅಂದ್ಲು. ಮಂಗಳೂರು, ಮೈಸೂರು ಕಡೆಯವರಿಗೆ ಹೇಳ್ತೀನಿ, ಮಾದ್ಲಿ ಅಂದ್ರ ಗೋದಿ, ಕಡ್ಲಿಬ್ಯಾಳಿ ತರಿತರಿ ಬೀಸಿ ದಪ್ಪ ರೊಟ್ಟಿ ಮಾಡಿ, ಅದನ್ನ ಮತ್ತ ಪುಡಿ ಮಾಡಿ ಬೆಲ್ಲ, ಒಣಕೊಬ್ರಿ, ಪುಟಾಣಿ, ಗಸಗಸಿ, ಯಾಲಕ್ಕಿ ಕೂಡಿಸೋದು, ಹಾಲು ತುಪ್ಪ ಹಾಕ್ಕೊಂಡು ತಿನ್ನೋದು, ಗದಗ ಹಾವೇರಿ ಕಡೆ ಹಬ್ಬ ಮದುವಿ ಅಂದ್ರ ಇರಾಕ ಬೇಕು. ಅವ್ವ ಹೇಳಿದ್ದು ಖರೇನ ಇತ್ತು. ಸಂಕ್ರಮಣದ ಮಾದ್ಲಿ ಡಬ್ಬ್ಯಾಗ ಉಳಿದಿತ್ತು, ಎರಡು ಬಟ್ಟಲ ತಗೊಂಡು ಒಂದು ಚಮಚ ಬೆಣ್ಣಿ ತಿಕ್ಕಿ ಹಾಕಿದೆ, ಬ್ಯಾರೆ ಹಿಟ್ಟಿಲ್ಲ, ಬ್ಯಾರೆ ಬೆಲ್ಲಿಲ್ಲ. ಒಂದ ಒಂದು ಲಕ್ಷ್ಯ ಇಡಬೇಕು, ಮಾದ್ಲಿ ಮೊದಲ ಬೆಂದಿದ್ದು, ಹಣ್ಣಿನ ಜೊತಿ ಇಟ್ರ ಹಣ್ಣು ಬೇಯೋದ್ರೊಳಗ ಬೆಲ್ಲ ಸೀದು ಕಹಿ ಆಗ್ತೈತಿ. ಹಣ್ಣನ್ನ ಮುಚ್ಚಿ 180 ಡಿಗ್ರಿಗೆ 25 ನಿಮಿಷ ಬೇಯಿಸಿ, ಆಮ್ಯಾಲ ಮಾದ್ಲಿ ಉದುರಿಸಿ ಕಡೀಕ ಹತ್ತು ಹನ್ನೆರಡು ನಿಮಿಷ ಮುಚ್ಚದ ಇಡ್ರಿ. ಕೊಬ್ರಿ ಕೆಂಪಗಾಗಿ ಗಸಗಸಿ ವಾಸನಿ ಬಂತಂದ್ರ ತಗೀರಿ. ಜ್ವಾಳದ ಪುಡಿ ಆದ್ರ ಈ ತಾಪತ್ರಯ ಇಲ್ಲ, ಹಣ್ಣಿನ ಜೊತೀಗೇ ಇಟ್ಟು ಅದ 180ಕ್ಕ 35, 40 ನಿಮಿಷ. ಎರಡರೊಳಗ ಯಾವ್ದು ಚಲೋ ಅಂದ್ರ ನಾನು ಮಾದ್ಲಿ ಕಡೆ, ಕ್ಯಾಲೊರಿ ಒಂದೀಟು ಜಾಸ್ತಿ ಆದ್ರೂ.

ಊರಿನ್ಯಾಗ ಮಾಡಾಕ ಹತ್ತಿದವರಿಗೆ ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ರ ಕೆಳಗಿಂದು ಮ್ಯಾಲಿಂದು ಎರಡೂ ರಾಡ್ ಹಚ್ರಿ, ನಡುವಿನ ಜಾಳಗಿ ಮ್ಯಾಲ ಇಡ್ರಿ, ಕರೆಂಟ್ ಹೋತಂದ್ರ ಬಾಗಲಾ ಮಾತ್ರ ತಗೀಬ್ಯಾಡ್ರಿ. ಓವನ್ ಇಲ್ಲಂದ್ರ ದಪ್ಪ ತಳದ ಪಾತೇಲಿಯೊಳಗ ಉಪ್ಪು ಹರವಿ ಸ್ಟ್ಯಾಂಡ್ ಇಟ್ಟು, ಕುಕ್ಕರ್ ಕೇಕ್ ಮಾಡ್ತೀವಲ್ಲ ಹಂಗ, ಹಣ್ಣು ಚಂದಾಗಿ ಬೇಯ್ತೈತಿ, ಆದ್ರ ಬಿಸಿ ಕೆಳಗಿಂದ ಬರೋದ್ರಿಂದ ಮ್ಯಾಲೆ ಕೆಂಪಗಾಗಂಗಿಲ್ಲ, ಮ್ಯಾಲ ಮುಚ್ಚಳದ ನೀರು ಬ್ಯಾರೆ ತೊಟ್ಟಿಕ್ಕತೈತಿ. ಪುಡಿಯನ್ನ ಬಾಣಲಿಯೊಳಗ ಸಣ್ಣ ಉರಿ ಮ್ಯಾಲ ಬ್ಯಾರೆ ಹುರದು, ತಿನ್ನೋ ಹೊತ್ತಿಗೆ ಉದುರಿಸಿಕೋರಿ. ಕಮ್ಮಿ ಪುಡಿನೂ ಸಾಕಾಗ್ತೈತಿ ಹಂಗ ಮಾಡಿದ್ರ.

ಜೊತಿಗೆ ಕಸ್ಟರ್ಡ್ ಬೇಕ ಬೇಕು ಅನ್ನವ್ರು ಹಾಕ್ಕೋರಿ, ನಾನು ಮೊಸರು ಅರಬ್ಯಾಗ ಕಟ್ಟಿ ತೂಗಹಾಕಿದ ಚಕ್ಕಾ ಇಡ್ತೀನಿ, ಶ್ರೀಖಂಡಕ್ಕ ಮಾಡ್ತೀವಲ್ಲ ಅದ, ಸಕ್ಕರಿ ಹಾಕದ. ಇಲ್ಲಿ ಎಮ್ಮಿ ಹಾಲು, ಗಟ್ಟಿ ಕೆನಿ, ಪೇಡೆಗೆ ಅದು ಬೇಕು, ಚಕ್ಕಾಕ್ಕ ಮಾತ್ರ ಕೆನಿ ತಗದ ಹಾಲಿನ ಮೊಸರು ಮಾಡ್ರಿ, ಇಲ್ಲಂದ್ರ ಮ್ಯಾಲ ಉಳಿಸಿದ ಬೆಣ್ಣಿ ಎಲ್ಲಾ ಪಕ್ಕದಿಂದ ಬಂದು ಕುಂದರ್ತೈತಿ. ಅಲ್ಲಿಯವರಿಗೆ ಸೂಪರ್ ಮಾರ್ಕೆಟ್ಟಿನ ಗ್ರೀಕ್ ಮೊಸರು, ಲೋ ಫ್ಯಾಟ್ ನೋಡಿ ತರ್ರಿ, ಸಾಕು.

ಯುಗಾದಿ ಪಾಟ್‌ಲಕ್ಕಿಗೆ ತರವ್ರಿಗೆ ಒಂದೆರಡು ಮಾತು. ಬಿಸಿ ಇದ್ದಾಗ ಫಾಯಿಲ್ ಮುಚ್ಚಿದ್ರ ಉಗಿ ಇಳದು ಮ್ಯಾಲಿಂದೆಲ್ಲಾ ಮೆತ್ತಗ ಹಿಟ್ಟಾಗ್ತೈತಿ, ಹಣ್ಣು ಒಂದು ಟ್ರೇನ್ಯಾಗ, ಹುರದ ಪುಡಿ ಒಂದು ಡಬ್ಬ್ಯಾಗ ಬ್ಯಾರೆ ಬ್ಯಾರೆ ತರ್ರಿ, ಕಾರ್ಯಕ್ರಮದ ಹಾಲ್‌ನ ಅಡಿಗಿಮನ್ಯಾಗ ಓವನ್ ಐತಿ, ಹತ್ತು ನಿಮಿಷ ಇಟ್ರ ಆತು. ಶೇಂಗಾ, ಗೋದಿ, ಓಟ್ಸ್, ಹಾಲು ಹಾಕಿದ್ರ ಚೀಟಿ ಮ್ಯಾಲ ದೊಡ್ಡದಾಗಿ ಬರೀರಿ, ಅಲರ್ಜಿ ಇರೋ ಮಕ್ಕಳು ನಮ್ಮೊಳಗ ಅದಾವು. ಅಲ್ಲಿ ಪೇರಲ ತುಟ್ಟಿ, ಸಿಕ್ರೂ ಬಿಸ್ಕಿಟಿನಂಗ ಒಣಗಿರ್ತಾವು, ಮಾರ್ಚ್ ಏಪ್ರಿಲ್‌ನ್ಯಾಗ ರುಬಾರ್ಬ್ ಅನ್ನೋ ಹುಳಿ ದಂಟು ಬರ್ತೈತಿ, ಆದ್ರ ಅದರ ಎಲಿ ವಿಷ, ದಂಟಷ್ಟ ತಗೋಬೇಕು, ಭಯಂಕರ ಹುಳಿ ಇರೋದ್ರಿಂದ ಅರ್ಧ ಸಿಹಿ ಸೇಬು ಅರ್ಧ ರುಬಾರ್ಬ್ ಹಾಕ್ರಿ, ಸಕ್ಕರಿ ಉಳೀತೈತಿ. ಮಾದ್ಲಿ ಮಾಡಾಕ ಬರವ್ರು ಯಾರರ ಇದ್ರ ಕಮಿಟಿಗೆ ಹೆಸರು ಕೊಡ್ರಿ, ಮತ್ತ ಜಾಮೂನಿಗೆ ಈಗಾಗಲೇ ಮೂರು ಮಂದಿ ಹೆಸರು ಬರಸ್ಯಾರ, ಅದರಾಗ ಇಬ್ಬರು ದಯವಿಟ್ಟು ಚಿತ್ರಾನ್ನಕ್ಕ ಬದ್ಲಾಯಿಸಿಕೊಳ್ಳಬೇಕು.