ಬಸವಣ್ಣನಿಗೆ ಡುಬ್ಬ ಇದೆ, ಈ ಹಸುಗಳಿಗೆ ಯಾಕಿಲ್ಲ?

ಪ್ರಿಯ ಓದುಗರೇ,

ಈ ಸಂಚಿಕೆಯಲ್ಲಿ ಓದುವುದಕ್ಕಿಂತ ನೋಡುವುದೇ ಜಾಸ್ತಿ. ಡಿಸೆಂಬರ್ ರಜೆಗೆ ನೆದರ್ಲ್ಯಾಂಡ್ಸ್‌ನಿಂದ ಊರಿಗೆ ಹೋಗಿದ್ದ ನಮ್ಮ ಬಳಗದ ಕೆಲವು ಕುಟುಂಬಗಳು ಬೆಂಗಳೂರಿನಲ್ಲಿ ಒಟ್ಟಿಗೆ ಸೇರಿದ್ದೆವು. ಮಿನಿ ಬಸ್ ಮಾಡಿಕೊಂಡು ಮೊದಲು ನಗರ ಸುತ್ತಿದೆವು, ಆಮೇಲೆ ದೊಡ್ಡಬಳ್ಳಾಪುರದ ಕಡೆ ಒಂದು ಹಸುವಿನ ಫಾರಂಗೆ ಹೋದೆವು. ನೆದರ್ಲ್ಯಾಂಡ್ಸ್‌ಗೆ ವಾಪಸ್ ಬಂದ ಮೇಲೆ ಎಲ್ಲರ ಫೋನಿನಿಂದಲೂ ಫೋಟೊಗಳು ಬಂದು ಬಿದ್ದವು. ಆರಿಸಿದ್ದನ್ನು ನಡುಪುಟಗಳಲ್ಲಿ ಹಾಕಿದ್ದೇವೆ. ವಿಧಾನಸೌಧಕ್ಕಿಂತ ಕೊಟ್ಟಿಗೆಗೆ ಯಾಕೆ ಜಾಸ್ತಿ ಜಾಗ ಅಂತ ಬಳಗದವರೊಬ್ಬರು ಆಗಲೇ ಫೋನ್ ಮಾಡಿ ಕೇಳಿದರು. ನಗರದಲ್ಲಿ ನಾವು ಫೋಟೊಗೆ ಅಂತ ನಿಂತೆವು. ಕೊಟ್ಟಿಗೆಯಲ್ಲಿ ಯಾರೋ ಫೋಟೊ ತೆಗೆಯುತ್ತಿದ್ದಾರೆ ಅನ್ನುವುದೇ ಮಕ್ಕಳಿಗೆ ಮರೆತುಹೋಗಿತ್ತು. ಅಷ್ಟೇ ವ್ಯತ್ಯಾಸ.

ಹಾಗಂತ ನಗರವನ್ನು ಪೂರ್ತಿ ಬಿಟ್ಟಿಲ್ಲ. ವಿಧಾನಸೌಧದ ಮುಂದಿನ ಗುಂಪು ಫೋಟೊ ಇದೆ. 1956ರಲ್ಲಿ ಕಟ್ಟಿ ಮುಗಿದ ಆ ಕಟ್ಟಡದ ಮುಂದೆ ಯಾವ ಕಾಲದಲ್ಲಿ ನಿಂತರೂ ಫೋಟೊ ಒಂದೇ ಥರ ಬರುತ್ತದೆ. ಲಾಲ್‌ಬಾಗ್‌ನಲ್ಲಿ 1889ರ ಗಾಜಿನ ಮನೆಗಿಂತ ಮಕ್ಕಳಿಗೆ ಹಿಡಿಸಿದ್ದು ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗುಡ್ಡವೇ ಇಲ್ಲದ ದೇಶದಲ್ಲಿ ಬೆಳೆಯುತ್ತಿರುವ ಮಕ್ಕಳು. ಹತ್ತುವುದಕ್ಕೆ ಒಂದು ಬಂಡೆ ಸಿಕ್ಕಿತಲ್ಲ, ಕೆಂಪೇಗೌಡರ ಗೋಪುರದವರೆಗೆ ಒಂದೇ ಓಟ.

ಆಡುಗೋಡಿಯಲ್ಲಿ ಬಸ್ಸಿನಿಂದಲೇ ತೆಗೆದ ಒಂದು ಗೇಟಿನ ಫೋಟೊ ಇದೆ. ನೋಡಲು ಅಂಥ ಚೆಂದ ಏನಿಲ್ಲ. ಆದರೂ ಹಟ ಮಾಡಿ ಹಾಕಿದ್ದೇನೆ. ಅದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ. 1923ರಲ್ಲಿ ಬ್ರಿಟಿಷರ ಕಾಲದಲ್ಲಿ ಸಂಸ್ಥೆ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಮುಖ್ಯ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋಗಿದ್ದು 1955ರಲ್ಲಿ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿ ಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದರಲ್ಲ, ಆಗ ಇಲ್ಲಿಗೆ ಬಂದು ಹಸು ಸಾಕುವ ಪಾಠ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮ ಕಸುಬು ರೈತ ಅಂತ ಬರೆದರು. ಐಟಿ, ಟ್ರಾಫಿಕ್ ಅಂತ ಬೆಂಗಳೂರನ್ನು ಎರಡೇ ಮಾತಲ್ಲಿ ಮುಗಿಸುವವರಿಗೆ ಈ ಗೇಟನ್ನೂ ತೋರಿಸಬೇಕು.

ಇನ್ನು ಬಸವನಗುಡಿ. ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವಣ್ಣ, ಸುಮಾರು 4.5 ಮೀಟರ್ ಎತ್ತರ. ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನ ಕಥೆ, ಕಾರ್ತಿಕದ ಕೊನೆಯ ಸೋಮವಾರದ ಪರಿಷೆ, ಎಲ್ಲವನ್ನೂ ಅಪ್ಪ ಅಮ್ಮಂದಿರು ಪೈಪೋಟಿಯಲ್ಲಿ ಹೇಳಿದರು. ಪರಿಷೆ ಮುಗಿದಿತ್ತು. ಬೀದಿಯಲ್ಲಿ ಕಡಲೆಕಾಯಿ ಸಿಕ್ಕಿತು, ತಿಂದೆವು.

ಮರುದಿನ ಯಲಹಂಕ, ರಾಜಾನುಕುಂಟೆ ದಾಟಿ ಹೋದೆವು. ಅಪಾರ್ಟ್‌ಮೆಂಟ್‌ಗಳು ಮುಗಿದವು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಒಂದು ಲೇಔಟಿನ ಕಮಾನು ಕಾಣುತ್ತದೆ. ಮುಖ್ಯ ರಸ್ತೆ ಬಿಟ್ಟ ಮೇಲೆ ರಾಗಿ ಕೊಯ್ದ ಹೊಲ, ಹೊಸದಾಗಿ ಒಟ್ಟಿದ ಹುಲ್ಲಿನ ಮೆದೆ. ಫಾರಂ ಅಂದರೆ ದೊಡ್ಡ ಕಂಪನಿ ಅಲ್ಲ. ಅಣ್ಣ ತಮ್ಮಂದಿರು ಸೇರಿ ನಡೆಸುವ ಒಂದು ಮನೆತನದ ಕೊಟ್ಟಿಗೆ. ಸಿಮೆಂಟ್ ಶೀಟಿನ ಚಾವಣಿ, ಕಾಲಡಿಗೆ ರಬ್ಬರ್ ಮ್ಯಾಟ್, ಎರಡು ಸಾಲಿನಲ್ಲಿ ಕಪ್ಪು ಬಿಳುಪಿನ ಸೀಮೆ ಹಸುಗಳು. ಆಚೆ ಬೇವಿನ ಮರದ ಕೆಳಗೆ ಒಂದು ಜೋಡಿ ಹಳ್ಳಿಕಾರ್ ಎತ್ತು.

ಅಲ್ಲಿ ಬಂತು ನೋಡಿ ಪ್ರಶ್ನೆ. ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದಳು: ‘ನಿನ್ನೆ ನೋಡಿದ ಬಸವಣ್ಣನಿಗೆ ಡುಬ್ಬ ಇತ್ತು. ಆ ಎತ್ತಿಗೂ ಇದೆ. ಈ ಹಸುಗಳಿಗೆ ಯಾಕಿಲ್ಲ?’ ನಾವು ದೊಡ್ಡವರು ಮುಖ ಮುಖ ನೋಡಿಕೊಂಡೆವು. ಹುಟ್ಟಿದಾಗಿನಿಂದ ನೋಡಿದ್ದೇವೆ, ಕೇಳಿಲ್ಲ. ಉತ್ತರ ಕೊಟ್ಟಿದ್ದು ಯಜಮಾನರು. ಡುಬ್ಬ ಇರುವುದು ನಮ್ಮ ನಾಟಿ ತಳಿಗಳಿಗೆ. ಹಳ್ಳಿಕಾರ್ ತಳಿಗೆ ಬಿಸಿಲು ತಡೆಯುವ, ನೊಗ ಎಳೆಯುವ ಶಕ್ತಿ ಜಾಸ್ತಿ, ಹಾಲು ಕಡಿಮೆ. ಕೊಟ್ಟಿಗೆಯಲ್ಲಿರುವುದು ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ, ಊರವರ ಬಾಯಲ್ಲಿ ಎಚ್ಎಫ್. ಹಾಲು ಜಾಸ್ತಿ, ಆದರೆ ಸೆಕೆ ತಡೆಯುವುದಿಲ್ಲ. ಅದಕ್ಕೇ ಫ್ಯಾನು, ನೀರಿನ ತುಂತುರು ಎಲ್ಲ. ‘ಇವುಗಳ ಮೂಲ ಯಾವ ಊರು?’ ಅಂತ ಅವಳು ಬಿಡಲಿಲ್ಲ. ಫ್ರೀಸ್‌ಲ್ಯಾಂಡ್, ನಾವಿರುವ ನೆದರ್ಲ್ಯಾಂಡ್ಸ್‌ನ ಉತ್ತರದಲ್ಲೇ ಇದೆ ಅಂತ ಅವಳಪ್ಪ ಹೇಳಿದಾಗ ಯಜಮಾನರು ಜೋರಾಗಿ ನಕ್ಕರು. ‘ನೀವು ಇಲ್ಲಿಂದ ಅಲ್ಲಿಗೆ ಹೋದ್ರಿ, ಇವು ಅಲ್ಲಿಂದ ಇಲ್ಲಿಗೆ ಬಂದ್ವು. ಲೆಕ್ಕ ಸರಿ ಹೋಯ್ತಲ್ಲ ಬಿಡಿ!’ ಆ ನಗುವಿನ ಫೋಟೊವೇ ಈ ಸಲದ ಮುಖಪುಟ.

ಫ್ರೀಸ್‌ಲ್ಯಾಂಡಿನ ಲೇವಾರ್ಡನ್ ಊರಿಗೆ ಹೋದವರು ಅಲ್ಲಿ 1954ರಿಂದ ನಿಂತಿರುವ ಹಸುವಿನ ಪ್ರತಿಮೆ ನೋಡಿರುತ್ತೀರಿ. ಅದಕ್ಕೂ ಡುಬ್ಬ ಇಲ್ಲ. ಈ ಸಲ ಹೋದಾಗ ಗಮನಿಸಿ.

ಹಾಲು ಕರೆಯುವ ಹೊತ್ತಿನ ಫೋಟೊಗಳು ಒಂದಿಡೀ ಪುಟ ತುಂಬಿವೆ. ಅಲ್ಲಿ ಮಷಿನ್ ಇದೆ. ಆದರೂ ಯಜಮಾನರ ತಾಯಿ ಒಂದು ಸಾಧು ಹಸುವನ್ನು ಮಕ್ಕಳಿಗೆ ಅಂತ ಬಿಟ್ಟಿದ್ದರು. ‘ಬಾ ಕಂದ, ಹೆದರ್ಕೋಬೇಡ, ಇವಳು ಒದೆಯಲ್ಲ.’ ಮೊದಲು ಕೆಚ್ಚಲು ತೊಳೆದು ಒರೆಸಿದರು. ಆಮೇಲೆ ಪ್ರತಿ ಮೊಲೆಯಿಂದ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ. ಹಾಲು ಗಂಟು ಗಂಟಾಗಿದ್ದರೆ ಕೆಚ್ಚಲು ಬಾವು ಶುರುವಾಗಿದೆ ಅಂತ ಅಲ್ಲೇ ತಿಳಿಯುತ್ತದೆ. ಮಕ್ಕಳು ಜಗ್ಗಿದರು, ಒಂದು ಹನಿ ಇಲ್ಲ. ‘ಎಳೀಬಾರದು ಮಗ, ಮೇಲೆ ಎರಡು ಬೆರಳು ಮುಚ್ಚು, ಆಮೇಲೆ ಒಂದೊಂದೇ ಬೆರಳು ಕೆಳಕ್ಕೆ ಒತ್ಕೊಂಡು ಬಾ’ ಅಂದರು ಅಜ್ಜಿ. ಮೇಲೆ ಮುಚ್ಚದಿದ್ದರೆ ಹಾಲು ಮತ್ತೆ ಕೆಚ್ಚಲಿಗೇ ಹೋಗುತ್ತದೆ. ಧಾರೆ ಬಂದಾಗ ಪಾತ್ರೆಯಲ್ಲಿ ಆದ ಆ ಸದ್ದು ಫೋಟೊದಲ್ಲಿ ಇಲ್ಲ. ಹುಡುಗನ ಬಾಯಿ ತೆರೆದುಕೊಂಡಿರುವುದು ನೋಡಿ, ಗೊತ್ತಾಗುತ್ತದೆ.

ಕರು ಹಾಕದೆ ಹಸು ಹಾಲು ಕೊಡುವುದಿಲ್ಲ ಅನ್ನುವುದೂ ಕೆಲವು ಮಕ್ಕಳಿಗೆ ಹೊಸ ಸಂಗತಿ. ಒಂಬತ್ತು ತಿಂಗಳು ಹೊರುತ್ತದೆ, ನಮ್ಮ ಹಾಗೇ ಅಂದಾಗ ತಾಯಂದಿರ ಕಡೆ ತಿರುಗಿ ನೋಡಿದರು. ಕಿವಿಯಲ್ಲಿ ಹಳದಿ ಬಿಲ್ಲೆ, ಅದರಲ್ಲಿ 12 ಅಂಕಿ. ಅದು ಹಸುವಿನ ಆಧಾರ್ ಅಂತ ಯಜಮಾನರ ವಿವರಣೆ. ನಮ್ಮಲ್ಲಿ ಕೆಲವರಿಗೆ ಇಲ್ಲದ ಆಧಾರ್ ಹಸುವಿಗೆ ಇದೆ, ಇರಲಿ.

ಸಂಜೆ ಕ್ಯಾನ್ ಜೊತೆ ಊರಿನ ಡೈರಿಗೆ ಹೋದೆವು. ಡೈರಿ ಅಂದರೆ ಹಾಲು ಉತ್ಪಾದಕರ ಸಹಕಾರ ಸಂಘ. ಸಾಲಿನಲ್ಲಿ ಹೆಂಗಸರೇ ಜಾಸ್ತಿ. ಎರಡು ಲೀಟರ್ ತಂದವರೂ ಇದ್ದರು. ಪ್ರತಿಯೊಬ್ಬರ ಹಾಲಿನಿಂದ ಒಂದಿಷ್ಟು ಮಷಿನ್‌ಗೆ ಹೋಗುತ್ತದೆ. ಜಿಡ್ಡು ಎಷ್ಟು, ಜಿಡ್ಡಲ್ಲದ ಘನಾಂಶ ಎಷ್ಟು ಅಂತ ಚೀಟಿ ಬರುತ್ತದೆ. ದುಡ್ಡು ಅದರ ಮೇಲೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಹಾಲನ್ನು 4 ಡಿಗ್ರಿಗೆ ತಣ್ಣಗೆ ಮಾಡಿ ಟ್ಯಾಂಕರಿಗೆ ತುಂಬಿದರೆ ಮುಂದಿನ ದಾರಿ ಬೆಂಗಳೂರು. ಅಲ್ಲಿ ಕಾಯಿಸಿ, ಆರಿಸಿ, ಜಿಡ್ಡನ್ನು ಹೊಂದಿಸಿ ಪ್ಯಾಕೆಟ್ ಮಾಡುತ್ತಾರೆ. ನೀಲಿ ನಂದಿನಿ ಪ್ಯಾಕೆಟ್ಟಿನಲ್ಲಿ 3 ಶೇಕಡ ಜಿಡ್ಡು. ಬಾಗಿಲ ಮುಂದಿನ ಬುಟ್ಟಿಗೆ ಬೆಳಗ್ಗೆ ಬೀಳುವ ಆ ಪ್ಯಾಕೆಟ್ಟಿಗೆ ಸಾಲಿನಲ್ಲಿ ನಿಂತ ಇಂಥ ಎಷ್ಟು ಜನರ ಹಾಲು ಸೇರಿರುತ್ತದೋ. ಆ ಸಾಲಿನ ಫೋಟೊವನ್ನು ಅವರನ್ನು ಕೇಳಿಯೇ ತೆಗೆದದ್ದು. ಒಬ್ಬರು ಬೇಡ ಅಂದರು, ಅವರು ಚಿತ್ರದಲ್ಲಿಲ್ಲ.

ಊಟಕ್ಕೆ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಹಿಂದಿನ ದಿನವಷ್ಟೇ ಒಂದು ಹಸು ಕರು ಹಾಕಿತ್ತು, ಹಾಗಾಗಿ ಬೆಲ್ಲ ಏಲಕ್ಕಿ ಹಾಕಿದ ಗಿಣ್ಣೂ ಸಿಕ್ಕಿತು. ಗಿಣ್ಣಿನ ಫೋಟೊ ಎಲ್ಲಿ ಅಂತ ಕೇಳಬೇಡಿ. ಯಾರಿಗೂ ಕೈ ಬಿಡುವಿರಲಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಹೊರಡುವಾಗ ಯಜಮಾನರು ನಮ್ಮನ್ನು ಸುಮ್ನೆ ಕಳಿಸಲಿಲ್ಲ. ‘ನಮ್ಮ ಫೋಟೊ ತಗೊಂಡು ಹೋಗ್ತಿದ್ದೀರಿ, ಅಲ್ಲಿಯದ್ದು ನಮಗೂ ಕಳಿಸಿ’ ಅಂದರು. ಇಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ನೂರಕ್ಕೂ ಹೆಚ್ಚು ಹಸು ಇರುವ ಫಾರಂ ಸಾಮಾನ್ಯ, ಹಾಲು ಕರೆಯಲು ರೋಬೋ ಬೇರೆ ಇದೆ ಅಂತ ಕೇಳಿ ಅವರಿಗೆ ಕುತೂಹಲ ತಡೆಯಲಾಗುತ್ತಿಲ್ಲ. ನಿಮ್ಮ ಮನೆ ಹತ್ತಿರ ಫಾರಂ ಇದ್ದರೆ, ಅವರ ಒಪ್ಪಿಗೆ ಪಡೆದು ನಾಲ್ಕು ಫೋಟೊ ತೆಗೆಯಿರಿ. ಯಾವ ಊರು, ಏನು ಕೆಲಸ ನಡೀತಿದೆ ಅಂತ ಒಂದೊಂದು ಸಾಲು ಬರೆದು ಈ ತಿಂಗಳ ಕೊನೆಯೊಳಗೆ ಕಳಿಸಿ. ಕೊಟ್ಟಿಗೆಯ ನೆಲ ಹೇಗಿದೆ, ಸಗಣಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಾಣಬೇಕು, ಬರೀ ಹುಲ್ಲುಗಾವಲು ಸಾಲದು. ಹಸು ತಾನೇ ಹೋಗಿ ಬೆನ್ನು ಉಜ್ಜಿಸಿಕೊಳ್ಳುವ ತಿರುಗೋ ಬ್ರಷ್ ಇರುತ್ತದಲ್ಲ, ಅದರ ವಿಡಿಯೊ ಇದ್ದರಂತೂ ಬಹಳ ಒಳ್ಳೆಯದು. ಅದರ ಬೆಲೆ ಎಷ್ಟು ಅಂತಲೂ ಕೇಳಿಕೊಂಡು ಬನ್ನಿ ಅಂದಿದ್ದಾರೆ.