ಒಪ್ಪದೆಯೂ ಕೈಜೋಡಿಸಿದವರಿಗೆ

ಡಿಸೆಂಬರ್ 29ರಂದು ನಮ್ಮ ಮದುವೆಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಂಗಳದಲ್ಲಿ, ಧನುರ್ಮಾಸದ ನಡುವೆ, ಮುಹೂರ್ತ ನೋಡದೆ, ಪುರೋಹಿತರನ್ನು ಕೂರಿಸದೆ, ಅದೂ ಅಡಿಕೆ ಕೊಯ್ಲಿನ ಭರದಲ್ಲಿ. ಸಂತೋಷದಿಂದ ಒಪ್ಪಿ ಹರಸಿದವರಿಗೆ ಅಂದೇ ಕೈಮುಗಿದಿದ್ದೇನೆ, ಇಲ್ಲಿ ಮತ್ತೊಮ್ಮೆ ಮುಗಿಯುತ್ತೇನೆ. ಆದರೆ ಈ ಬರಹ ಮುಖ್ಯವಾಗಿ ಒಪ್ಪದವರಿಗೆ. ಕೊನೆಯವರೆಗೂ ಮನಸ್ಸು ಬದಲಿಸದೆ, ಕೆಲಸವನ್ನೂ ಬಿಡದೆ, ನಮ್ಮ ಮನೆಯನ್ನು ಆ ಎರಡು ತಿಂಗಳು ದಾಟಿಸಿದವರು ಅವರು.

ಪುರೋಹಿತರಿಲ್ಲದೆ, ಪ್ರಮಾಣವಚನ ಓದಿ ಆಗುವ ಮಂತ್ರ ಮಾಂಗಲ್ಯವೇ ಆಗಬೇಕೆಂದು ನಾವಿಬ್ಬರೂ ಮೊದಲೇ ನಿಶ್ಚಯಿಸಿದ್ದೆವು. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಇದೇ ಬಗೆಯಲ್ಲಿ ನಡೆಸಿದ್ದು ನಮ್ಮ ಸೀಮೆಯಲ್ಲಿ ಹೊಸ ಸುದ್ದಿಯಲ್ಲ. ಕುಪ್ಪಳಿ ನಮ್ಮ ತಾಲ್ಲೂಕಿನದೇ ಊರು. ಬಂದ ನೆಂಟರನ್ನೆಲ್ಲ ಕವಿಶೈಲಕ್ಕೆ ಕರೆದುಕೊಂಡು ಹೋಗಿ ಬಂಡೆಯ ಮೇಲೆ ನಿಲ್ಲಿಸಿ ಫೋಟೊ ತೆಗೆಸುವ ಮನೆ ನಮ್ಮದು. ಆದರೆ ಕವಿಯ ಮೇಲಿನ ಅಭಿಮಾನ ಬೇರೆ, ಮನೆಯ ಮಗಳ ಮದುವೆ ಬೇರೆ. ಹುಡುಗನ ಊರು ವಿಜಯಪುರದ ಕಡೆ, ಜಾತಿಯೂ ಬೇರೆ ಎಂದ ಮೇಲೆ ಅಭಿಮಾನದ ಅಳತೆ ಇನ್ನಷ್ಟು ಸ್ಪಷ್ಟವಾಯಿತು.

ಮೊದಲ ಕೃತಜ್ಞತೆ ವಕೀಲನಾಗಿರುವ ಚಿಕ್ಕಮ್ಮನ ಮಗನಿಗೆ. ಪ್ರಮಾಣವಚನ ಓದಿ ಹಾರ ಹಾಕಿಕೊಂಡರೆ ಕಾನೂನಿನ ಕಣ್ಣಿಗೆ ಸಾಲದು ಎಂದು ಅವನು ಮುಂಚೆಯೇ ಎಚ್ಚರಿಸಿದ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ವಿಧಿಗಳನ್ನು ಕೇಳುತ್ತದೆ. ವಿಧಿಯೇ ನಡೆಯದೆ ನೋಂದಣಿ ಪತ್ರವೊಂದಿದ್ದರೆ ಅದು ಆ ಕಾಯ್ದೆಯ ಪ್ರಕಾರ ಮದುವೆಯಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿಯಿರಿ ಎಂದ. ಆ ದಾರಿಯ ಉದ್ದ ಆಗ ತಿಳಿಯಿತು. ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು. ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಮೊದಲಿನಿಂದ. ಹೀಗಾಗಿ ದೀಪಾವಳಿಗೆಂದು ಬೆಂಗಳೂರಿನಿಂದ ಬಂದವಳು, ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಬಂದು ಹಾಡಿ ಹೋದ ಮೇಲೂ ಊರು ಬಿಡಲಿಲ್ಲ. ಕಾಲೇಜಿಗೆ ಹೋದ ಮೇಲೆ ನಾನು ತವರಿನಲ್ಲಿ ಇಷ್ಟು ಕಾಲ ಒಟ್ಟಿಗೆ ಇದ್ದುದೇ ಇಲ್ಲ. ಈ ಲಾಭವನ್ನು ಕೊಟ್ಟದ್ದು ಕಾನೂನು. ಅದಕ್ಕೂ ಒಂದು ನಮಸ್ಕಾರ.

ಅಡಿಕೆ ಮನೆಯ ನವೆಂಬರ್, ಡಿಸೆಂಬರ್ ಹೇಗಿರುತ್ತದೆಂದು ತಿಳಿದವರಿಗೆ ನಮ್ಮ ಅವಸ್ಥೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಮರ ಹತ್ತಿ ಅಡಿಕೆಗೊನೆ ಕೊಯ್ಯುವ ಕೊನೆಗಾರ ಬರುವ ಮುಂಚೆ ಅಕ್ಕಿರೊಟ್ಟಿ ಆಗಿರಬೇಕು. ಇಳಿಸಿದ ಗೊನೆ ಸಂಜೆಯೊಳಗೆ ಮನೆ ಸೇರಬೇಕು. ರಾತ್ರಿ ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ, ಡಬ್ಬದ ಲೆಕ್ಕದಲ್ಲಿ ಕೂಲಿ, ನಡುವೆ ಚಹಾ, ಯಾರದೋ ಮನೆಯ ಸುದ್ದಿ. ಸುಲಿದದ್ದನ್ನು ಹಾಗೆಯೇ ಬಿಡುವಂತಿಲ್ಲ. ಹಂಡೆಯಲ್ಲಿ ಚೊಗರು (ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಿ ಚಪ್ಪರದ ಮೇಲೆ ಹರವಬೇಕು. ಮೋಡ ಕಟ್ಟಿದರೆ ಅಪ್ಪಯ್ಯನ ಮುಖವೂ ಕಟ್ಟುತ್ತದೆ. ಈ ಗದ್ದಲದ ನಡುವೆ ಜಗಲಿಯ ಮೂಲೆಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಜಾಗದಲ್ಲಿ, ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕಚೇರಿಯ ಕೆಲಸ ಮಾಡುತ್ತಿದ್ದೆ. ನಮ್ಮ ತಂಡದ ಮೀಟಿಂಗ್‌ಗಳಲ್ಲಿ ಅಡಿಕೆ ಸುಲಿಯುವ ಸದ್ದನ್ನು ಸಹಿಸಿಕೊಂಡ ಸಹೋದ್ಯೋಗಿಗಳಿಗೂ ವಂದನೆ. ಅವರಲ್ಲೊಬ್ಬರು ಅದನ್ನು ಮಳೆ ಎಂದುಕೊಂಡಿದ್ದರಂತೆ.

ಮದುವೆಯ ಮಾತುಕತೆ ಎಂದು ಯಾರೂ ಪ್ರತ್ಯೇಕವಾಗಿ ಕುಳಿತು ಮಾತಾಡಲೇ ಇಲ್ಲ. ಎಲ್ಲ ತಕರಾರೂ ಕೆಲಸದ ನಡುವೆಯೇ ನಡೆದವು. ಅಜ್ಜಿಗೆ ಜಾತಿಗಿಂತ ದೊಡ್ಡ ಅಡ್ಡಿಯಾದದ್ದು ಮಾಸ. ಧನುರ್ಮಾಸದಲ್ಲಿ ಮದುವೆಯೇ? ಕುವೆಂಪು ಹುಟ್ಟಿದ ದಿನ ಡಿಸೆಂಬರ್ 29, ನೋಟಿಸಿನ ಅವಧಿಯೂ ಅಷ್ಟರಲ್ಲಿ ಮುಗಿದಿರುತ್ತದೆ, ಇದಕ್ಕಿಂತ ಒಳ್ಳೆಯ ದಿನ ಯಾವುದು ಎಂದು ಅಪ್ಪಯ್ಯ ವಾದ ಹೂಡಿದರು. "ಅವರು ಹುಟ್ಟಿದ್ದಕ್ಕೆ ಮಾಸ ನೋಡಲಾಗುವುದಿಲ್ಲ. ಮದುವೆಗೆ ನೋಡಬಹುದು" ಎಂದರು ಅಜ್ಜಿ. ಅಪ್ಪಯ್ಯನ ಬಳಿ ಇದಕ್ಕೆ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ಅಜ್ಜಿ ಒಪ್ಪಲಿಲ್ಲ. ಒಪ್ಪದೆಯೇ ಅಟ್ಟದ ಮೇಲಿನ ಹಲಸಿನ ಹಪ್ಪಳದ ಡಬ್ಬ ಇಳಿಸಿ ಎಣಿಸಿದರು, ಸಾಲದೆಂದು ತಂಗಿಯ ಮನೆಗೆ ಹೇಳಿ ಕಳುಹಿಸಿದರು. ನಾನು ಹುಡುಗನನ್ನು ಏಕವಚನದಲ್ಲಿ ಕರೆಯುವುದಕ್ಕೂ ಅವರ ಆಕ್ಷೇಪವಿದೆ. ಆ ಆಕ್ಷೇಪಕ್ಕೆ 30 ದಿನಗಳ ಗಡುವಿಲ್ಲ, ಹಾಗಾಗಿ ಇನ್ನೂ ಚಾಲ್ತಿಯಲ್ಲಿದೆ.

ನೋಟಿಸ್ ಕಚೇರಿಯ ಫಲಕವೇರಿದ ಮೇಲೆ ಸುದ್ದಿ ತಾನಾಗಿಯೇ ಹರಡಿತು. ಆ ಕಾಗದವನ್ನು ಎಲ್ಲರಿಗೂ ಕಾಣುವಂತೆ ಹಚ್ಚಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೆಸರು, ವಯಸ್ಸು, ವಿಳಾಸ ಎಲ್ಲ ಅದರಲ್ಲಿರುತ್ತದೆ. ತಮ್ಮದೇ ಮನೆಯವರಿಗೆ ಹೆದರಿ ಮದುವೆಯಾಗುವ ಹುಡುಗ ಹುಡುಗಿಯರಿಗೆ ಆ ಕಾಗದ ಏನೇನು ಮಾಡಬಲ್ಲದು ಎಂದು ಯೋಚಿಸಿ ನನಗೆ ಒಂದೆರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪಾಲಿಗೆ ಅದು ತಂದದ್ದು ದೂರವಾಣಿ ಕರೆಗಳನ್ನು ಮಾತ್ರ. ಪೇಟೆಯ ಪರಿಚಿತರೊಬ್ಬರು ಅಪ್ಪಯ್ಯನಿಗೆ ಫೋನ್ ಮಾಡಿ, "ನಿಮ್ಮ ಮಗಳ ಹೆಸರು ಕಚೇರಿಯ ಗೋಡೆಯ ಮೇಲಿದೆಯಲ್ಲ?" ಎಂದು ದನಿ ತಗ್ಗಿಸಿ ಕೇಳಿದರಂತೆ. "ಕಾಗುಣಿತ ಸರಿಯಿದೆಯೇ ನೋಡಿ ಹೇಳಿ" ಎಂದರು ಅಪ್ಪಯ್ಯ. ಅಪ್ಪಯ್ಯ, ಆ ಒಂದು ಮಾತಿಗೆ ನಾನು ನಿಮಗೆ ಎಷ್ಟು ಋಣಿಯೆಂದು ಎದುರಿಗೆ ಹೇಳಲು ಬಾಯಿ ಬರುವುದಿಲ್ಲ. ಇಲ್ಲಿ ಓದಿಕೊಳ್ಳಿ.

ಅಮ್ಮನ ವಿಷಯ ಬರೆಯುವುದು ಕಷ್ಟ. ಅಮ್ಮ ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. "ಅನ್ನಕ್ಕೆ ಎಷ್ಟು ಜನ?" ಎಂದಷ್ಟೇ ದಿನವೂ ಕೇಳುತ್ತಿದ್ದರು. ತಾಳಿ ಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಮಾತ್ರ ಒಲೆಯ ಮುಂದಿನಿಂದ ಎದ್ದು ಹೋದರು. ಆ ಗಂಟನ್ನು ಬಿಡಿಸಿದವರು ಅತ್ತೆ, ಹುಡುಗನ ತಾಯಿ. ಮದುವೆಗೆ ಮುಂಚೆಯೇ ಮಾವನೊಂದಿಗೆ ನಮ್ಮಲ್ಲಿಗೆ ಬಂದ ಅವರು, ಬಂದ ಮರುದಿನ ನಸುಕಿನಲ್ಲಿ ಎದ್ದು ಸಜ್ಜೆ ರೊಟ್ಟಿ ಬಡಿಯತೊಡಗಿದರು. ಅಡುಗೆಮನೆಯಲ್ಲಿ ಏನು ಬಿದ್ದಿತೆಂದು ಅಜ್ಜಿ ಗಾಬರಿಯಿಂದ ಎದ್ದು ಬಂದರು. ಲಟ್ಟಣಿಗೆಯಿಲ್ಲದೆ ಅಂಗೈಯಲ್ಲೇ ಅಷ್ಟು ತೆಳ್ಳಗೆ ರೊಟ್ಟಿ ಏಳುವುದನ್ನು ನೋಡಿ ಅಲ್ಲೇ ಮಣೆ ಎಳೆದುಕೊಂಡು ಕುಳಿತರು. ರೊಟ್ಟಿ ಬಡಿಯುತ್ತಲೇ ಅತ್ತೆ ಅಮ್ಮನಿಗೆ ಹೇಳಿದ್ದು ಇಷ್ಟು: "ತಾಳಿ ಕಟ್ಟಿಕೊಳ್ಳುವವಳು ಅವಳು. ನಾವಿಬ್ಬರೂ ಕಟ್ಟಿಕೊಂಡೇ ಇದ್ದೇವಲ್ಲ, ನಮ್ಮದೇನು ಕಡಿಮೆಯಾಗುವುದಿಲ್ಲ." ಅಮ್ಮ ನಕ್ಕದ್ದನ್ನು ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ಮದುವೆಯ ದಿನ ಹಾರ ಮಾತ್ರ ಬದಲಾಯಿಸಿಕೊಂಡೆವು.

ಹಾಗೆಂದು ಅವರ ಕಡೆ ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಮಾವನ ಅಣ್ಣತಮ್ಮಂದಿರಲ್ಲಿ ಹೆಚ್ಚಿನವರು ಬರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಯ ಕಥೆಯನ್ನು ಮಾವ ನಮ್ಮ ಜಗಲಿಯಲ್ಲಿ ಕುಳಿತು ಹೇಳಿದರು. ಆ ಮದುವೆಗೆ ಪ್ರಾಣದಲ್ಲಿ ತೆತ್ತ ಬೆಲೆಯ ಮುಂದೆ ನಾಲ್ಕು ಮಂದಿ ಊಟಕ್ಕೆ ಬರದಿದ್ದುದು ಯಾವ ಲೆಕ್ಕ ಎಂದರು. ಸುಲಿಯುವವರೆಲ್ಲ ಕತ್ತಿ ನಿಲ್ಲಿಸಿ ಕೇಳಿದರು. ಆ ರಾತ್ರಿ ಡಬ್ಬ ಕಡಿಮೆಯಾದವು. ಅಪ್ಪಯ್ಯ ಏನೂ ಅನ್ನಲಿಲ್ಲ.

ಮನೆತನದ ಪುರೋಹಿತರಿಗೆ ನಾನೇ ಹೋಗಿ ವಿಷಯ ತಿಳಿಸಿದೆ. ಬೇರೆಯವರಿಂದ ಕೇಳಿ ತಿಳಿಯುವುದು ಸರಿಯಲ್ಲ ಅನ್ನಿಸಿತು. ಅವರು ಮರೆಮಾಚದೆ ಮಾತಾಡಿದರು. ಇದು ತಮಗೆ ಸರಿಬೀಳುವುದಿಲ್ಲ, ಬರಲಾರೆ, ಕೆಟ್ಟದ್ದನ್ನೂ ಬಯಸಲಾರೆ. ಇಷ್ಟು ಹೇಳಿ ಒಳಗೆ ಹೋದವರು ಒಂದು ಚೀಟಿ ಹಿಡಿದು ಬಂದರು. ಅದರಲ್ಲಿ ಅಡುಗೆಯವರ ಹೆಸರು. "ಧನುರ್ಮಾಸದಲ್ಲಿ ಅವರಿಗೆ ಕೆಲಸವಿರುವುದಿಲ್ಲ. ನಾನು ಹೇಳಿದೆನೆಂದು ಹೇಳು" ಎಂದರು. ಆ ಅಡುಗೆಯವರ ಹೋಳಿಗೆಯನ್ನು ಉಂಡವರು ಈಗಲೂ ನೆನೆಯುತ್ತಿದ್ದಾರೆ. ಮದುವೆಯ ದಿನ ಬೆಳಗಿನ ಪೂಜೆಯ ಹುಗ್ಗಿ ಪ್ರಸಾದವನ್ನು ಪುರೋಹಿತರು ಮೊಮ್ಮಗನ ಕೈಯಲ್ಲಿ ಕಳುಹಿಸಿಕೊಟ್ಟದ್ದು ಬೇರೆ. ನಂಬಿಕೆಯಲ್ಲಿ ನಾವು ಎದುರುಬದುರು; ಸೌಜನ್ಯದಲ್ಲಿ ಅವರೇ ಒಂದು ಕೈ ಮೇಲು.

ಇನ್ನು ದೊಡ್ಡಪ್ಪ. ಎಲ್ಲರಿಗಿಂತ ಹೆಚ್ಚು ವಿರೋಧಿಸಿದವರು ಅವರೇ. ದೀಪಾವಳಿಯ ಮರುದಿನದಿಂದ ನನ್ನೊಡನೆ ಮಾತು ಬಿಟ್ಟರು. ಮದುವೆಯ ಹಿಂದಿನ ರಾತ್ರಿ ಸುಲಿದ ಅಡಿಕೆ ರಾಶಿ ಬಿದ್ದಿತ್ತು; ಮರುದಿನ ಹಂಡೆಗೆ ಹಾಕಲೇಬೇಕು, ಇಲ್ಲವಾದರೆ ಬಣ್ಣ ಕೆಡುತ್ತದೆ. ಬೇಯಿಸುವ ಹದ ಬಲ್ಲ ಅಪ್ಪಯ್ಯ ಮಗಳ ಮದುವೆಯಲ್ಲಿ ನೆಂಟರನ್ನು ಎದುರುಗೊಳ್ಳಬೇಕೋ ಹಂಡೆಯ ಮುಂದೆ ಕೂರಬೇಕೋ? ಬೆಳಗಾಗುವ ಮುಂಚೆ ದೊಡ್ಡಪ್ಪ ಹಿತ್ತಿಲ ಕಡೆಯಿಂದ ಬಂದರು. "ಮದುವೆಗೆ ಬಂದಿಲ್ಲ. ಅಡಿಕೆಗೆ ಬಂದಿದ್ದೇನೆ" ಎಂದು ಅಮ್ಮನಿಗೆ ಹೇಳಿ ಒಲೆಗೆ ಸೌದೆ ಒಟ್ಟಿದರು. ಇಡೀ ದಿನ ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಕರೆದರೆ ಮದುವೆಯ ಪಂಕ್ತಿಗೆ ಬರಲಿಲ್ಲ. ಕೆಲಸದವರೊಂದಿಗೆ ಕೊನೆಗೆ ಕುಳಿತು ಉಂಡರು. ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರೆಂದು ಬಡಿಸಿದ ಹುಡುಗರು ವರದಿ ಮಾಡಿದ್ದಾರೆ. ದೊಡ್ಡಪ್ಪ, ನೀವು ಇನ್ನೂ ಒಪ್ಪಿಲ್ಲವೆಂದು ಬಲ್ಲೆ. ಒಪ್ಪಿ ಎಂದು ಕೇಳುತ್ತಲೂ ಇಲ್ಲ. ಆ ದಿನದ ಹಂಡೆಯ ಬಣ್ಣ ಈ ವರ್ಷದಲ್ಲೇ ಚೆನ್ನಾಗಿ ಬಂದಿದೆಯಂತೆ, ಅಪ್ಪಯ್ಯ ಹೇಳಿದರು.

ಅಂದು ಬೆಳಿಗ್ಗೆ ಕಚೇರಿಯಲ್ಲಿ ಮೂವರು ಸಾಕ್ಷಿಗಳು ಬೇಕಿತ್ತು. ಅಮ್ಮ ಮತ್ತು ಮಾವ ಇದ್ದರು. ಬೆಂಗಳೂರಿನಿಂದ ಬರಬೇಕಿದ್ದ ಗೆಳತಿಯ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ನಮ್ಮಲ್ಲಿ ಸುಲಿಯಲು ಬರುವ ಅಕ್ಕನೊಬ್ಬರು ನ್ಯಾಯಬೆಲೆ ಅಂಗಡಿಗೆ ಹೋಗಬೇಕೆಂದು ನಮ್ಮ ಜೀಪಿನಲ್ಲೇ ಪೇಟೆಗೆ ಬಂದಿದ್ದರು, ಆಧಾರ್ ಕಾರ್ಡು ಚೀಲದಲ್ಲೇ ಇತ್ತು. ನನ್ನ ಮದುವೆಯ ದಾಖಲೆಯಲ್ಲಿ ಮೂರನೆಯ ಸಹಿ ಅವರದು. ಪಡಿತರದ ಅಕ್ಕಿ ಮರುದಿನ ತಂದರು. ಅಕ್ಕಾ, ಆ ದಿನದ ಕೂಲಿ ಬೇಡವೆಂದಿರಲ್ಲ, ಅದರ ಸಲುವಾಗಿ ಅಮ್ಮ ಇನ್ನೂ ಗೊಣಗುತ್ತಿದ್ದಾರೆ.

ವರ ವಧುವಿಗೆ, ವಧು ವರನಿಗೆ ತಮಗೆ ಅರ್ಥವಾಗುವ ಯಾವುದೇ ಭಾಷೆಯಲ್ಲಿ ತಾವೇ ಬಾಯಿಬಿಟ್ಟು ಹೇಳಿದರೆ ಮಾತ್ರ ಮದುವೆ ಪೂರ್ತಿಯಾಗುತ್ತದೆ ಎಂದು 1954ರ ಕಾಯ್ದೆಯಲ್ಲೇ ಇದೆ. ಈ ವಿಷಯವನ್ನು ವಿವಾಹ ಅಧಿಕಾರಿಗಳು ನಮಗೆ ತಾಳ್ಮೆಯಿಂದ ವಿವರಿಸಿದರು. ಅವನು ಕನ್ನಡದಲ್ಲೇ ಹೇಳಿದ, ಆದರೆ ನನ್ನ ಹೆಸರಿನ ಬಳಿ ಬಂದು ತಡವರಿಸಿದ. ಅಧಿಕಾರಿಗಳು "ನಿಧಾನವಾಗಿ ಹೇಳಿ, ಬಸ್ಸು ಹೋಗುವುದಿಲ್ಲ" ಎಂದರು. ಅವರಿಗೂ ಕಚೇರಿಯ ಸಿಬ್ಬಂದಿಗೂ ವಂದನೆಗಳು.

ಮನೆಗೆ ಬಂದ ಮೇಲೆ ಅಡಿಕೆ ಚಪ್ಪರದ ಕೆಳಗೇ ಎಲ್ಲರೂ ಕುಳಿತೆವು. ಬೇರೆ ಚಪ್ಪರ ಹಾಕಿಸುವ ಖರ್ಚು ಉಳಿಯಿತು; ದಬ್ಬೆಗಳ ಸಂದಿಯಿಂದ ಒಂದೊಂದು ಅಡಿಕೆ ನೆಂಟರ ತಲೆಯ ಮೇಲೆ ಬೀಳುತ್ತಿದ್ದುದಕ್ಕೆ ಕ್ಷಮೆಯಿರಲಿ. ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ಮಂತ್ರ ಮಾಂಗಲ್ಯವನ್ನು ಓದಿಸಿದರು. ಜಾತಿಯ ಕಟ್ಟು, ಮೂಢನಂಬಿಕೆಯ ಕಟ್ಟು, ಒಬ್ಬರ ಮೇಲೊಬ್ಬರ ಅಧಿಕಾರ, ಇವುಗಳಿಂದ ಬಿಡುಗಡೆಯ ಮಾತುಗಳನ್ನು ನಾವು ಜೋರಾಗಿ ಹೇಳಿದೆವು. ಓದುವಾಗ ಅಜ್ಜಿ ಪಕ್ಕದವರನ್ನು ಸುಮ್ಮನಿರಿಸುತ್ತಿದ್ದರು. ಮುಗಿದ ಮೇಲೆ ಮಾತ್ರ, "ಇದರಲ್ಲಿ ಹಾಡಿಗೆ ಅಡ್ಡಿ ಇಲ್ಲವಷ್ಟೆ?" ಎಂದು ಮೇಷ್ಟ್ರನ್ನು ಕೇಳಿ, ಅವರು ಬಾಯಿ ತೆರೆಯುವ ಮುಂಚೆಯೇ ಸೋಬಾನೆ ಶುರು ಮಾಡಿದರು. ಮಾಸದ ಬಗ್ಗೆ ಅವರ ಅಭಿಪ್ರಾಯ ಹಾಗೆಯೇ ಇದೆ.

ಅಂಚೆ ಕಾರ್ಡಿನಲ್ಲಿ ನೂರಕ್ಕೂ ಹೆಚ್ಚು ಆಹ್ವಾನಗಳನ್ನು ದುಂಡಗೆ ಬರೆದುಕೊಟ್ಟ ತಮ್ಮನಿಗೆ, ಉಡುಗೊರೆ ಬೇಡವೆಂದರೂ ಬಾಳೆಗೊನೆ ಹೊತ್ತು ತಂದ ಕೇರಿಯವರಿಗೆ, ವಿದ್ಯುತ್ ಹೋದಾಗ ಜನರೇಟರ್ ಕೊಟ್ಟ ಪಕ್ಕದ ತೋಟದವರಿಗೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ವಿಜಯಪುರದ ಗೆಳೆಯರಿಗೆ ನಮ್ಮಿಬ್ಬರ ನಮಸ್ಕಾರಗಳು.

ನಮ್ಮಲ್ಲಿ ಉಳಿದಿರುವ ಸಾಮಾನುಗಳ ಪಟ್ಟಿಯನ್ನೂ ಇಲ್ಲೇ ಕೊಡುತ್ತೇನೆ: ಅಡಿಯಲ್ಲಿ ಕೆಂಪು ಬಣ್ಣದ ಗುರುತಿರುವ ದೊಡ್ಡ ಕೊಳದಪ್ಪಲೆ, ಎರಡು ಜಮಖಾನೆ, ಒಂದು ಕನ್ನಡಕದ ಡಬ್ಬಿ (ಕನ್ನಡಕವಿಲ್ಲ), ಮಗುವಿನ ಒಂದು ಕಾಲಿನ ಚಪ್ಪಲಿ. ನಿಮ್ಮದಾಗಿದ್ದರೆ ಬಂದು ತೆಗೆದುಕೊಂಡು ಹೋಗಿ, ಸುಲಿಗೆ ಇನ್ನೂ ಮುಗಿದಿಲ್ಲವಾದ್ದರಿಂದ ಚಹಾ ಸದಾ ಇರುತ್ತದೆ. ದೊಡ್ಡಪ್ಪನ ಟವೆಲೂ ಒಲೆಯ ಪಕ್ಕದ ಗೂಟದಲ್ಲಿದೆ. ಅದನ್ನು ಮಾತ್ರ ಭಾನುವಾರ ನಾವೇ ತಂದುಕೊಡುತ್ತೇವೆ, ದೊಡ್ಡಪ್ಪ. ಮದುವೆಯ ಸಲುವಾಗಿ ಅಲ್ಲ, ಟವೆಲಿನ ಸಲುವಾಗಿ ಬರುತ್ತೇವೆ.